ಪ್ಯಾಕ್ಲಿಟ್ಯಾಕ್ಸೆಲ್: ಹಳೆಯದಾ, ನ್ಯಾನೋದಾ?

ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಮದ್ದು ಎರಡು ರೂಪದಲ್ಲಿದೆ: ಹಳೆಯದು, ಮತ್ತು ತೀರಾ ಸಣ್ಣ ಕಣಗಳ ನ್ಯಾನೋ. ಮದ್ದು ಒಂದೇ, ಅದನ್ನು ಹೊತ್ತು ತರುವ ವಸ್ತು ಬೇರೆ. ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಹಳೆಯದರಲ್ಲಿ ಹರಳೆಣ್ಣೆಯಿಂದ ಮಾಡಿದ ದ್ರಾವಕ ಇರುತ್ತದೆ. ಅಲರ್ಜಿಯ ಕಾಟ ಹೆಚ್ಚಾಗಿ ಅದರದ್ದೇ. ಅದಕ್ಕೇ ಮೊದಲು ಸ್ಟೀರಾಯ್ಡ್ ಕೊಡುತ್ತಾರೆ. ಮೂರು ವಾರಕ್ಕೊಮ್ಮೆಯ ಡ್ರಿಪ್‌ಗೆ ಸುಮಾರು 3 ಗಂಟೆ ಬೇಕು.

ನ್ಯಾನೋದಲ್ಲಿ ಮದ್ದು ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್‌ಗೆ ಅಂಟಿರುತ್ತದೆ. ಕಣದ ಗಾತ್ರ ಸುಮಾರು 130 ನ್ಯಾನೋಮೀಟರ್. ಡ್ರಿಪ್ 30 ನಿಮಿಷದಲ್ಲಿ ಮುಗಿಯುತ್ತದೆ, ಸ್ಟೀರಾಯ್ಡ್ ಸಾಮಾನ್ಯವಾಗಿ ಬೇಡ. ಸ್ಟೀರಾಯ್ಡ್ ರಕ್ತದ ಸಕ್ಕರೆ ಏರಿಸುತ್ತದೆ, ಹಾಗಾಗಿ ಸಕ್ಕರೆ ಕಾಯಿಲೆ ಇರುವವರಿಗೆ ಇದು ಸಣ್ಣ ಮಾತಲ್ಲ, ಅಲ್ವಾ? ಆದರೆ ಡೋಸ್ ಜಾಸ್ತಿ, ಕೈಕಾಲು ಜೋಮು ಹಿಡಿಯುವುದೂ ಜಾಸ್ತಿ. ಬೆಲೆಯೂ ಜಾಸ್ತಿ. ಅಮೆರಿಕದಲ್ಲಿ 2005ರಲ್ಲಿ ಸ್ತನ ಕ್ಯಾನ್ಸರ್‌ಗೆ ಇದನ್ನು ಒಪ್ಪಿದರು.

ಹೊಲಿಗೆಯಂಥ ಬೆರಳಿನ ಕೆಲಸ ಮಾಡುವವರು ಜೋಮಿನ ವಿಷಯವನ್ನು ಡಾಕ್ಟರ ಹತ್ತಿರ ಮೊದಲೇ ಮಾತಾಡಿ. ಸುಮ್ನೆ ನ್ಯಾನೋ ಅನ್ನೋ ಹೆಸರಿಗೆ ಮಾತ್ರ ದುಡ್ಡು ಸುರಿಯಬೇಡಿ.