ಫೋನು, ಇಲಾಖೆ, ಅಪ್ಪ: ಸಿಪ್ಪೆ ಎತ್ತೋಕೆ ಯಾರ ಮಾತು ಕೇಳಲಿ?

ಪಾಂಡವಪುರದ ಹತ್ತಿರ ನಮ್ಮದೊಂದು ಆಲೆಮನೆ. ಗಾಣದಿಂದ ಬಂದ ಕಬ್ಬಿನ ಸಿಪ್ಪೆಯನ್ನು ಬಯಲಲ್ಲಿ ಹರಡಿ ಒಣಗಿಸುತ್ತೇವೆ. ಬೆಲ್ಲದ ಒಲೆಗೆ ಅದೇ ಉರುವಲು. ಒಂದು ಜೋರು ಮಳೆ ಬಿತ್ತು ಅಂದರೆ ಎರಡು ದಿನ ಕೊಪ್ಪರಿಗೆ ತಣ್ಣಗೆ. ಹಾಗಾಗಿ ಒಂದು ವರ್ಷ ಭರಣಿ ಮಳೆಯಿಂದ ಚಿತ್ತೆ ಮಳೆವರೆಗೆ, ಅಂದರೆ ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ, ಮೂರು ಕಡೆ ಕೇಳಿ ನೋಡಿದೆ. ಫೋನಿನ ಜೊತೆಗೇ ಬಂದಿದ್ದ ಹವಾಮಾನದ ಆ್ಯಪ್, ಸರ್ಕಾರದ ಹವಾಮಾನ ಇಲಾಖೆಯ ಮುನ್ಸೂಚನೆ, ಮತ್ತೆ ಮೋಡ ನೋಡಿ ಹೇಳುವ ನಮ್ಮಪ್ಪ.

ಮೊದಲು ಸೋತಿದ್ದು ಫೋನು. ಮೇ ತಿಂಗಳ ಒಂದು ಮಧ್ಯಾಹ್ನ ಸಂಜೆವರೆಗೂ ಬರೀ ಸೂರ್ಯನ ಚಿತ್ರ ತೋರಿಸುತ್ತಿತ್ತು. ನಾಲ್ಕು ಗಂಟೆಗೆ ಸಿಪ್ಪೆಯೆಲ್ಲ ತೊಯ್ದು ತೊಪ್ಪೆ. ನಾವು ಟಾರ್ಪಾಲು ಎಳೆದಾಡುವಾಗಲೂ ಜೇಬಿನಲ್ಲಿ ಸೂರ್ಯ ನಗುತ್ತಲೇ ಇದ್ದ! ಆಮೇಲೆ ಕಾರಣ ತಿಳಿಯಿತು. ಕಂಪ್ಯೂಟರ್ ಲೆಕ್ಕ ನೆಲವನ್ನು ಚೌಕ ಚೌಕವಾಗಿ ಹಂಚಿಕೊಂಡು ನಡೆಯುತ್ತದೆ. 2025ರ ಮೇನಲ್ಲಿ ಬಂದ ನಮ್ಮ ದೇಶದ್ದೇ ಆದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲೂ ಒಂದು ಚೌಕ 6 ಕಿಲೋಮೀಟರ್. ಬೇಸಿಗೆ ಮಳೆಯೋ, ನಮ್ಮ ಗದ್ದೆಗೆ ಸುರಿದು ಪಕ್ಕದೂರಿನ ರಸ್ತೆಯಲ್ಲಿ ಧೂಳು ಬಿಟ್ಟಿರುತ್ತದೆ.

ಸರ್ಕಾರದ ಮುನ್ಸೂಚನೆಯನ್ನು ಮೊದಲು ನಾನೇ ತಪ್ಪು ಓದುತ್ತಿದ್ದೆ. 'ಒಂದೆರಡು ಕಡೆ ಮಳೆ' ಅಂತ ಬಂದರೆ ಸುಮ್ನೆ ಜಾರಿಕೊಳ್ಳೋ ಮಾತು ಅಂದುಕೊಂಡಿದ್ದೆ. ಅದಕ್ಕೂ ಅಳತೆ ಇದೆ. ಮಳೆ ಅಳೆಯುವ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಳೆ ಬಿದ್ದರೆ 'ಒಂದೆರಡು ಕಡೆ', ಅರ್ಧದವರೆಗೆ ಆದರೆ 'ಕೆಲವು ಕಡೆ'. 'ಭಾರಿ ಮಳೆ' ಅನ್ನಬೇಕಾದರೆ ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟಬೇಕು. ಸರ್ಕಾರದ್ದೇ ಆದ ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಬೆಳೆ ಸಲಹೆಯೂ ಬರುತ್ತದೆ. ಓದೋದು ಬೇಜಾರು ಅನ್ನುವವರಿಗೆ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ ಇದೆ. ಕಬ್ಬು ಕಡಿಯೋ ಆಳುಗಳಿಗೆ ನಾಳಿದ್ದು ಬನ್ನಿ ಅಂತ ಹೇಳೋಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಆದರೆ ಇವತ್ತು ಸಂಜೆ ನಮ್ಮ ಬಯಲಿಗೆ ಬೀಳುತ್ತಾ? ಅದನ್ನು ಹೇಳೋದು ಅದರ ಕೆಲಸ ಅಲ್ಲ.

ಅಲ್ಲಿ ಅಪ್ಪ. ನಮ್ಮ ಮೂಡಲಿಗೆ ಕುಂತಿಬೆಟ್ಟ. ಹನ್ನೊಂದು ಗಂಟೆಗೆ ಅದರ ಮೇಲೆ ಹತ್ತಿ ಉಂಡೆಯಂಥ ಮೋಡ ಹುಟ್ಟಿದರೆ ಅಪ್ಪ ಹೆದರುವುದಿಲ್ಲ. ಅಗಲಕ್ಕಿಂತ ಎತ್ತರ ಜಾಸ್ತಿ ಆಗತೊಡಗಿದರೆ ಎರಡೆರಡು ಸಲ ಆಚೆ ಬಂದು ನೋಡುತ್ತಾರೆ. ಮೋಡದ ತಲೆ ಹೂಕೋಸಿನ ಹಾಗೆ ಗಟ್ಟಿ ಅಂಚು ಇಟ್ಟುಕೊಂಡಿರುವವರೆಗೆ ಅದಿನ್ನೂ ಬೆಳೆಯುತ್ತಿದೆ ಅಂತ ಲೆಕ್ಕ. ಯಾವಾಗ ಆ ಅಂಚು ಮಸುಕಾಗಿ ತಲೆ ಚಪ್ಪಟೆಯಾಗಿ ಹರಡಿತೋ, 'ಮ್ವಾಡ ತಲೆ ಕೆದರ್ಕತು, ಎತ್ತಾಕ್ಲಾ' ಅನ್ನುತ್ತಾರೆ. ಮೋಡದ ತುದಿ ಅಷ್ಟೊತ್ತಿಗೆ ಹತ್ತು ಕಿಲೋಮೀಟರಿಗೂ ಮೇಲೆ ಹೋಗಿ ಮಂಜುಗಡ್ಡೆಯಾಗಿರುತ್ತದೆ. ಇನ್ನು ಮೇಲೇರೋಕೆ ಆಗದೆ ಪಕ್ಕಕ್ಕೆ ಹರಡುತ್ತದೆ. ಇದೇ ಗುಡುಗು ಮೋಡ. ಆಮೇಲೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ನುಗ್ಗಿತು ಅಂದರೆ ಟೈಮಿಲ್ಲ. ಎಲ್ಲೋ ಆಗಲೇ ಸುರಿಯುತ್ತಿರುವ ಮಳೆ ತಂಪು ಮಾಡಿದ ಗಾಳಿ ಅದು, ಮಳೆಗಿಂತ ಮುಂಚೆ ಓಡಿ ಬರುತ್ತದೆ. ಬೆಳಗ್ಗೆ ಕೂದಲೆಳೆಯಂಥ ಬಿಳಿ ಮೋಡ ಕಂಡರೆ ಅಪ್ಪ ತಿರುಗಿಯೂ ನೋಡುವುದಿಲ್ಲ. ಅದು ತುಂಬಾ ಮೇಲಿರುವ ಮಂಜಿನ ಹರಳು, ನೆಲಕ್ಕೆ ಹನಿ ಹಾಕುವುದಿಲ್ಲ.

ಜುಲೈನಲ್ಲಂತೂ ಮೂವರ ಜಗಳ ನೋಡಬೇಕಿತ್ತು. ಆಕಾಶದ ತುಂಬ ಬೂದು ಬಣ್ಣದ ಹಾಸು ಮೋಡ. ಫೋನಿನಲ್ಲಿ ದಿನಾ ಮಳೆ, ಇಲಾಖೆಯದು 'ಹಗುರ ಮಳೆ'. ಅಪ್ಪ ಸಿಪ್ಪೆ ಹರಡಿಸುತ್ತಲೇ ಇದ್ದರು. 'ಇದು ಕನ್ನಂಬಾಡಿ ತುಂಬ್ಸೋ ಮ್ವಾಡ ಕಣ್ಲಾ, ನಮ್ದಲ್ಲ.' ಮಾತು ಸರಿ. ಮಳೆಗಾಳಿ ಕೊಡಗಿನ ಬೆಟ್ಟಗಳನ್ನು ಹತ್ತುವಾಗ ಸುರಿಸಿಬಿಡುತ್ತದೆ, ಈ ಕಡೆ ಇಳಿಯುವಾಗ ಒಣಗುತ್ತದೆ. ಮಂಡ್ಯ ಇರೋದು ಆ ಮಳೆ ನೆರಳಲ್ಲಿ. ಡ್ಯಾಮು 124.80 ಅಡಿ ತುಂಬಿ ಚಾನೆಲ್ಲಿನವರು ಕುಣಿಯುವಾಗಲೂ ನಮ್ಮ ಬಯಲಲ್ಲಿ ಬರೀ ತುಂತುರು. ನಮಗೆ ಜೋರು ಮಳೆ ಅಂದರೆ ಮೇನಲ್ಲಿ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್.

ಪಂಚಾಂಗದ ಮಳೆ ನಕ್ಷತ್ರಗಳನ್ನೂ ಲೆಕ್ಕಕ್ಕೆ ತಗೊಂಡಿದ್ದೆ. ಒಂದೊಂದೂ 13-14 ದಿನ. ಮಳೆಗಾಲ ಗುರುತಿಸೋಕೆ ಸಾಕು, ಗುರುವಾರ ಗುರುತಿಸೋಕೆ ಸಾಲದು.

ಅಪ್ಪನೂ ಒಂದು ಸಲ ಬಿದ್ದರು. ಹುಬ್ಬೆ ಮಳೆಯ ದಿನಗಳು. ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಇಲಾಖೆ ಎರಡು ದಿನ ಮುಂಚೆಯೇ ನಮ್ಮ ಜಿಲ್ಲೆಗೆ ಹಳದಿ ಅಲರ್ಟ್ ಕೊಟ್ಟಿತ್ತು. 'ಎಲ್ಲದೆ ಮ್ವಾಡ?' ಅಂತ ಮಲಗಿದರು. ರಾತ್ರಿ ಎರಡಕ್ಕೆ ಶುರುವಾದ ಮಳೆ ಬೆಳಗ್ಗೆವರೆಗೂ ಬಿಡಲಿಲ್ಲ. ಕತ್ತಲಲ್ಲಿ ಮೋಡ ನೋಡೋದು ಹೇಗೆ ಹೇಳಿ?

ಫೋನಿನ ಜೊತೆ ಬಂದಿದ್ದ ಆ ಆ್ಯಪ್ ತೆಗೆದುಹಾಕಿದೆ. ಹಗಲು ಸಿಪ್ಪೆ ಬಯಲಲ್ಲಿದ್ದರೆ ನಾನು ಅಪ್ಪನ ಮುಖ ನೋಡುತ್ತೇನೆ. ಸಂಜೆ ಬೀಡಿ ಹಚ್ಚಿಕೊಂಡು ಅಪ್ಪನೇ ಕೇಳುತ್ತಾರೆ, 'ರಾತ್ರಿಗೇನಂತ್ಲಾ ಅವರ್ದು?'