ಹಳೆಯ ಕಿರ್ದಿಯಿಂದ ಹೊಸ ಖಾತೆಗೆ: ಟ್ಯಾಲಿ ಪ್ರೈಮ್‌ನ ಎಕ್ಸೆಲ್ ಇಂಪೋರ್ಟ್ ನಮ್ಮ ಕಿರಾಣಿ ಅಂಗಡಿಗೆ ಎಷ್ಟು ಒದಗಿತು

ದಾವಣಗೆರೆಯಲ್ಲಿರುವ ನಮ್ಮ ಕುಟುಂಬದ ಸಗಟು ಕಿರಾಣಿ ಅಂಗಡಿಯ ಲೆಕ್ಕವನ್ನು ಹದಿನಾಲ್ಕು ವರ್ಷ ಒಂದೇ ತಂತ್ರಾಂಶದಲ್ಲಿ ಬರೆದುಕೊಂಡು ಬಂದಿದ್ದೆವು. ಅದನ್ನು ಸಿದ್ಧಪಡಿಸಿ ಕೊಟ್ಟವರು ಆ ವ್ಯವಹಾರವನ್ನೇ ನಿಲ್ಲಿಸಿದ್ದರಿಂದ ಹೊಸ ತಿದ್ದುಪಡಿಗಳು ಬರುವುದು ನಿಂತಿತು. ಕೊನೆಗೆ ಹಳೆಯ ಕಂಪ್ಯೂಟರು ಕೈಕೊಡತೊಡಗಿದಾಗ, ಹೊಸ ಯಂತ್ರದಲ್ಲಿ ಆ ತಂತ್ರಾಂಶ ತೆರೆದುಕೊಳ್ಳಲೇ ಇಲ್ಲ. ಹಾಗಾಗಿ ಮೇ ತಿಂಗಳ ಮಧ್ಯದಲ್ಲಿ ನಾವು ಟ್ಯಾಲಿ ಪ್ರೈಮ್ ಎಂಬ ಲೆಕ್ಕದ ತಂತ್ರಾಂಶಕ್ಕೆ ಬಂದೆವು. ಟ್ಯಾಲಿಯಲ್ಲಿ ಬಿಲ್ಲು ಹಾಕುವುದು, ಜಿಎಸ್‌ಟಿ ವಿವರ ಸಲ್ಲಿಸುವುದು ಇತ್ಯಾದಿಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನರಿದ್ದಾರೆ. ನಾನು ಇಲ್ಲಿ ವಿಮರ್ಶಿಸುತ್ತಿರುವುದು ಒಂದೇ ಸೌಲಭ್ಯವನ್ನು: ಬೇರೆ ಕಡೆಯ ಲೆಕ್ಕವನ್ನು ಎಕ್ಸೆಲ್ ಕಡತದ ಮೂಲಕ ಒಳಗೆ ತಂದುಕೊಳ್ಳುವ ಅದರ ಇಂಪೋರ್ಟ್ ವ್ಯವಸ್ಥೆಯನ್ನು.

ಮೊದಲ ಸಲ ಈ ಕೆಲಸವನ್ನು ನಾವೇ ಮಾಡಲಿಲ್ಲ. ಪರಿಚಯದವರು ಸೂಚಿಸಿದ ಒಬ್ಬರು ಬಂದು, ಹಳೆಯ ತಂತ್ರಾಂಶದ ತಾಳೆಪಟ್ಟಿಯಲ್ಲಿದ್ದ, ಅಂದರೆ ಎಲ್ಲ ಖಾತೆಗಳ ಶಿಲ್ಕನ್ನು ಎರಡು ಬದಿಯಲ್ಲಿ ಹೊಂದಿಸಿ ನೋಡುವ ಪಟ್ಟಿಯಲ್ಲಿದ್ದ, ಮಾರ್ಚ್ 31ರ ಶಿಲ್ಕುಗಳನ್ನು ಒಂದು ಸಂಜೆಯಲ್ಲಿ ಟ್ಯಾಲಿಗೆ ತಂದು ಕೊಟ್ಟರು. ಖರ್ಚಿನ ಬದಿ, ಜಮೆಯ ಬದಿ ಎರಡೂ ಪೈಸೆಗೆ ಪೈಸೆ ತಾಳೆಯಾಗಿದ್ದವು. ನಾವು ಸಮಾಧಾನಪಟ್ಟು ಹಣ ಕೊಟ್ಟು ಕಳಿಸಿದೆವು. ವಾರ ಕಳೆಯುವುದರೊಳಗೆ ಹರಪನಹಳ್ಳಿಯ ಕಡೆಯ ನಮ್ಮ ಹಳೆಯ ಗಿರಾಕಿಯೊಬ್ಬರು ಬಂದು, "ಯುಗಾದಿ ಮುಂದಿನ ಎಣ್ಣಿ ಡಬ್ಬದ ಬಿಲ್ಲು ಒಂದು ಮುಗಿಸಿಬಿಡ್ತೀನಿ, ಎಷ್ಟೈತಿ ನೋಡಪ್ಪ" ಎಂದರು. ಪರದೆಯ ಮೇಲೆ ಅವರ ಹೆಸರಿನಲ್ಲಿ 1,86,400 ರೂಪಾಯಿಯ ಒಂದೇ ಮೊತ್ತವಿತ್ತು. ಬಿಲ್ಲು ಇರಲಿಲ್ಲ. ಜನವರಿಯ ಬೆಲ್ಲದ 35,000, ಫೆಬ್ರವರಿಯ ಬೇಳೆಯ 41,000, ಮಾರ್ಚ್ ಆರಂಭದ ಮೆಣಸಿನಕಾಯಿಯ 62,000 ಮತ್ತು ಯುಗಾದಿಗೆ ಮುಂಚಿನ ಎಣ್ಣೆಯ 48,400, ಈ ನಾಲ್ಕೂ ಬಿಲ್ಲುಗಳು ಕರಗಿ ಏಪ್ರಿಲ್ 1ರ ಒಂದೇ ಬಾಕಿಯಾಗಿ ಕುಳಿತಿದ್ದವು. ಗಿರಾಕಿಯನ್ನು ಕೂರಿಸಿಕೊಂಡು ಬಿಲ್ಲುಪುಸ್ತಕ ಹುಡುಕಿ ಉತ್ತರ ಹೇಳುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು.

ಉದ್ರಿ ವ್ಯಾಪಾರ ಮಾಡುವವರಿಗೆ ಇದು ಸಣ್ಣ ಸಂಗತಿಯಲ್ಲ. ನಮಗೆ ಬರಬೇಕಾದ ಹಣದ ವಯಸ್ಸು ಗೊತ್ತಾಗುವುದು ಬಿಲ್ಲಿನ ದಿನಾಂಕದಿಂದ. ನಾವು ಕೊಡಬೇಕಾದ ಹಣದ ವಿಷಯದಲ್ಲಂತೂ ಕಾನೂನೇ ಆ ದಿನಾಂಕವನ್ನು ಕೇಳುತ್ತದೆ. ಸರಕು ಕೊಟ್ಟವರ ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಅವರಿಗೆ ಹಣ ಪಾವತಿಯಾಗದಿದ್ದರೆ, ಆ ಬಿಲ್ಲಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಸಿಕ್ಕ ಜಮೆಯನ್ನು, ಹಿಂದಿರುಗಿಸಬೇಕೆಂದು ಜಿಎಸ್‌ಟಿ ನಿಯಮ ಹೇಳುತ್ತದೆ. ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ, ಅಂದರೆ ನಮ್ಮ ಮಟ್ಟಿಗೆ ಬೇಳೆ ಮಿಲ್ಲು, ಅಕ್ಕಿ ಮಿಲ್ಲುಗಳಿಂದ ಕೊಂಡ ಸರಕಿನ ಹಣವನ್ನು ಲಿಖಿತ ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಕೊಡದೆ ಹೋದರೆ, ಕೊಟ್ಟ ವರ್ಷದಲ್ಲಷ್ಟೇ ಅದು ಖರ್ಚೆಂದು ಪರಿಗಣಿತವಾಗುತ್ತದೆ ಎಂಬ ನಿಬಂಧನೆ 2023ರ ಹಣಕಾಸು ಕಾಯ್ದೆಯ ಮೂಲಕ ಆದಾಯ ತೆರಿಗೆ ಕಾಯ್ದೆಗೆ ಸೇರಿತು. ಎಲ್ಲ ಬಾಕಿಗೂ ಏಪ್ರಿಲ್ 1ರ ದಿನಾಂಕ ಬಿದ್ದಿರುವ ಖಾತೆಯಿಂದ ಈ ಲೆಕ್ಕಗಳಲ್ಲಿ ಒಂದನ್ನೂ ಮಾಡಲಾಗದು. ತಾಳೆಪಟ್ಟಿ ತಾಳೆಯಾಯಿತೆಂದರೆ ಲೆಕ್ಕ ಬಂದಿತೆಂದು ಅರ್ಥವಲ್ಲ ಎಂಬುದನ್ನು ಆ ದಿನ ನಾನು ಕಂಡುಕೊಂಡೆ. ಬಂದದ್ದನ್ನೆಲ್ಲ ಅಳಿಸಿ, ಟ್ಯಾಲಿಯಲ್ಲಿ ಹೊಸ ಕಂಪನಿ (ಒಂದು ವ್ಯವಹಾರದ ಲೆಕ್ಕದ ಪುಸ್ತಕಕ್ಕೆ ಅದು ಇಟ್ಟ ಹೆಸರು) ತೆರೆದು, ಮೊದಲಿನಿಂದ ನಾನೇ ಕೂತು ಮಾಡಿದೆ.

ಟ್ಯಾಲಿ ಪ್ರೈಮ್‌ನ 4.0 ಆವೃತ್ತಿಯಿಂದ ಎಕ್ಸೆಲ್ ಕಡತವನ್ನು ನೇರವಾಗಿ ತೆಗೆದುಕೊಳ್ಳುವ ಸೌಲಭ್ಯವಿದೆ. ಅದಕ್ಕೆ ಮೊದಲು ಎಕ್ಸ್ಎಂಎಲ್ ಎಂಬ ಸಂಕೇತಭಾಷೆಯ ಕಡತವೇ ಮುಖ್ಯ ದಾರಿಯಾಗಿತ್ತು. ಆ ಕಡತದಲ್ಲಿ ಡೆಬಿಟ್ ಮೊತ್ತಗಳಿಗೆ ಋಣ ಚಿಹ್ನೆ ಹಾಕಬೇಕೆಂಬಂಥ ಸೂಕ್ಷ್ಮಗಳಿದ್ದುದರಿಂದ ಅದು ನಮ್ಮಂಥವರ ಕೈಗೆ ಸಿಗುವ ಕೆಲಸವಾಗಿರಲಿಲ್ಲ. ಈಗ ಟ್ಯಾಲಿಯೇ ಮಾದರಿ ಎಕ್ಸೆಲ್ ಹಾಳೆಗಳನ್ನು ಒದಗಿಸುತ್ತದೆ. ನಮ್ಮ ಹಾಳೆಯ ಕಾಲಂ ಹೆಸರುಗಳು ಬೇರೆಯಾಗಿದ್ದರೆ, ಯಾವ ಕಾಲಂ ಯಾವ ಮಾಹಿತಿಗೆ ಸೇರುತ್ತದೆ ಎಂದು ಒಮ್ಮೆ ಹೊಂದಿಸಿ ಆ ಹೊಂದಾಣಿಕೆಯನ್ನು ಉಳಿಸಿಟ್ಟುಕೊಳ್ಳಬಹುದು. ಕೆಲಸ ಮುಗಿದ ಮೇಲೆ ಎಷ್ಟು ಹೊಸದಾಗಿ ಸೇರಿದವು, ಎಷ್ಟು ಬದಲಾದವು, ಎಷ್ಟು ಬಿಟ್ಟುಹೋದವು ಎಂಬ ಎಣಿಕೆ ತೋರಿಸುತ್ತದೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಈ ತಂತ್ರಾಂಶ ನಮ್ಮ ದೇಶದ ಅಂಗಡಿಯ ಲೆಕ್ಕವನ್ನು ಬಲ್ಲದು ಎಂಬುದು ಇಂಪೋರ್ಟ್‌ನಲ್ಲಿಯೂ ಕಾಣುತ್ತದೆ. ಖಾತೆಯ ಆರಂಭಿಕ ಶಿಲ್ಕನ್ನು ಒಂದೇ ಮೊತ್ತವಾಗಿ ಅಲ್ಲದೆ, ಬಿಲ್ಲಿನ ಸಂಖ್ಯೆ, ದಿನಾಂಕ, ವಾಯಿದೆ, ಮೊತ್ತ ಎಂದು ಒಡೆದು ಕೊಡಲು ಅದು ಅವಕಾಶ ಕೊಡುತ್ತದೆ. ನಮ್ಮಲ್ಲಿಗೆ ಬಂದಿದ್ದವರು ಬಳಸದೆ ಬಿಟ್ಟದ್ದು ಇದೇ ಅವಕಾಶವನ್ನು. ಖಾತೆಯಲ್ಲಿ ಬಿಲ್‌ವೈಸ್ ಎಂಬ ಆಯ್ಕೆಯನ್ನು ಮೊದಲೇ ಹೌದು ಎಂದು ಮಾಡಿರಬೇಕು, ಅಷ್ಟೆ.

ಖಾತೆ ಈಗಾಗಲೇ ಇದ್ದರೆ ಏನು ಮಾಡಬೇಕೆಂದು ಕೇಳುವ ಆಯ್ಕೆಯನ್ನು ಮಾತ್ರ ಎರಡು ಸಲ ಓದಿ ಒತ್ತಬೇಕು. ಮೂರು ದಾರಿಗಳಿವೆ: ಆರಂಭಿಕ ಶಿಲ್ಕುಗಳನ್ನು ಕೂಡಿಸುವುದು, ಇರುವುದನ್ನು ಹಾಗೆಯೇ ಬಿಡುವುದು, ಹೊಸ ಮಾಹಿತಿಯಿಂದ ಬದಲಾಯಿಸುವುದು. ಕೂಡಿಸುವ ಆಯ್ಕೆಯಲ್ಲಿಟ್ಟು ಒಂದೇ ಕಡತವನ್ನು ಎರಡು ಸಲ ಓಡಿಸಿದರೆ ಎಲ್ಲರ ಬಾಕಿಯೂ ಇಮ್ಮಡಿಯಾಗುತ್ತದೆ. ಎರಡೂ ಬದಿ ಸಮವಾಗಿಯೇ ಇಮ್ಮಡಿಯಾಗುವುದರಿಂದ ತಾಳೆಪಟ್ಟಿ ಆಗಲೂ ತಾಳೆಯಾಗಿಯೇ ಕಾಣುತ್ತದೆ. ಪ್ರತಿ ಇಂಪೋರ್ಟ್‌ಗೆ ಮುಂಚೆ ಒಂದು ಬ್ಯಾಕಪ್ ತೆಗೆದು ಅದಕ್ಕೆ ಹಂತದ ಹೆಸರಿಟ್ಟು ಪೆನ್‌ಡ್ರೈವಿನಲ್ಲಿ ಇಡುವುದನ್ನು ನಾನು ರೂಢಿಸಿಕೊಂಡೆ. ಹನ್ನೊಂದು ಬ್ಯಾಕಪ್‌ಗಳಲ್ಲಿ ನಾಲ್ಕನ್ನು ಬಳಸಬೇಕಾಯಿತು.

ನಿಜವಾದ ಶ್ರಮ ಇರುವುದು ಟ್ಯಾಲಿಯ ಒಳಗಲ್ಲ, ಅದಕ್ಕೆ ಮುಂಚಿನ ಎಕ್ಸೆಲ್ ಹಾಳೆಯಲ್ಲಿ. ಹಳೆಯ ತಂತ್ರಾಂಶದಿಂದ ಹೊರಬಂದ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದ ಕ್ಷಣವೇ ಮೊದಲ ಹಾನಿ ಆಗಿಹೋಗಿರುತ್ತದೆ. ತೆರಿಗೆಗಾಗಿ ಸರಕುಗಳನ್ನು ವರ್ಗೀಕರಿಸುವ ಎಚ್‌ಎಸ್‌ಎನ್ ಸಂಕೇತ ಅರಿಶಿನಕ್ಕೆ 0910, ಏಲಕ್ಕಿಯದು 0908, ಕಾಳುಮೆಣಸು ಮತ್ತು ಒಣಮೆಣಸಿನಕಾಯಿಯದು 0904, ಚಹಾದ್ದು 0902, ಬೇಳೆಕಾಳುಗಳದ್ದು 0713. ಎಕ್ಸೆಲ್ ಇವನ್ನು ಸಂಖ್ಯೆಗಳೆಂದು ತಿಳಿದು ಮುಂದಿನ ಸೊನ್ನೆಯನ್ನು ನುಂಗಿ 910, 908, 904 ಎಂದು ತೋರಿಸುತ್ತದೆ. ಬೆಲ್ಲದ 1701, ಸೂರ್ಯಕಾಂತಿ ಎಣ್ಣೆಯ 1512 ಸರಿಯಾಗಿಯೇ ಇರುವುದರಿಂದ ಕಣ್ಣಾಡಿಸಿದಾಗ ತಪ್ಪು ಕಾಣುವುದೂ ಇಲ್ಲ. ಕಿರಾಣಿ ಅಂಗಡಿಯ ಅರ್ಧ ಸರಕು ಸೊನ್ನೆಯಿಂದ ಆರಂಭವಾಗುವ ಅಧ್ಯಾಯಗಳಲ್ಲೇ ಇರುವುದರಿಂದ ಈ ಕಷ್ಟ ನಮಗೆ ಹೆಚ್ಚು. ಹದಿನೈದಕ್ಕಿಂತ ಹೆಚ್ಚು ಅಂಕಿಗಳಿರುವ ಬ್ಯಾಂಕ್ ಖಾತೆ ಸಂಖ್ಯೆಗಳಿಗಾದರೆ ಕೊನೆಯ ಅಂಕಿಗಳೇ ಸೊನ್ನೆಯಾಗಿಬಿಡುತ್ತವೆ. ಕಡತವನ್ನು ನೇರವಾಗಿ ತೆರೆಯದೆ, ಆ ಕಾಲಂಗಳನ್ನು ಪಠ್ಯವೆಂದು ಮೊದಲೇ ಗುರುತಿಸಿ ಎಕ್ಸೆಲ್‌ಗೆ ತರುವುದೊಂದೇ ಇದಕ್ಕೆ ಪರಿಹಾರ.

ದಿನಾಂಕದ ಕಥೆ ಇನ್ನೂ ವಿಚಿತ್ರವಾಗಿತ್ತು. ಏಪ್ರಿಲ್ 1ರಿಂದ ಮೇ ಮಧ್ಯದವರೆಗಿನ ವೋಚರುಗಳನ್ನೂ, ಅಂದರೆ ಒಂದೊಂದು ವ್ಯವಹಾರದ ನಮೂದುಗಳನ್ನೂ, ನಾವು ತರಬೇಕಿತ್ತು. ಕಂಪ್ಯೂಟರಿನಲ್ಲಿ ದಿನಾಂಕದ ಕ್ರಮ ಅಮೆರಿಕದ ಪದ್ಧತಿಯಲ್ಲಿ, ಅಂದರೆ ತಿಂಗಳು ಮೊದಲು ಬರುವಂತೆ ಇದ್ದುದು ನನ್ನ ಗಮನಕ್ಕೆ ಬಂದಿರಲಿಲ್ಲ. ಏಪ್ರಿಲ್ 5ರ ವ್ಯವಹಾರ ಮೇ 4ಕ್ಕೆ, 6ರದ್ದು ಜೂನ್ 4ಕ್ಕೆ, 12ರದ್ದು ಡಿಸೆಂಬರ್ 4ಕ್ಕೆ ಹೋಗಿ ಕುಳಿತಿತ್ತು. ಏಪ್ರಿಲ್ 1, 2 ಮತ್ತು 3ರವು ಜನವರಿ, ಫೆಬ್ರವರಿ, ಮಾರ್ಚ್ ತಿಂಗಳ 4ನೇ ತಾರೀಖಾಗಿ, ಪುಸ್ತಕ ಆರಂಭವಾಗುವ ದಿನಕ್ಕಿಂತ ಹಿಂದಿನವು ಎಂಬ ಕಾರಣಕ್ಕೆ ಒಳಗೇ ಬರಲಿಲ್ಲ. 13ರಿಂದ ಮುಂದಿನವುಗಳಲ್ಲಿ ಹದಿಮೂರನೆಯ ತಿಂಗಳೆಂಬುದು ಇಲ್ಲದ ಕಾರಣ ಅವು ಬರೀ ಪಠ್ಯವಾಗಿ ಉಳಿದಿದ್ದವು. ಒಟ್ಟು ಮೊತ್ತವನ್ನಷ್ಟೇ ನೋಡಿದ್ದರೆ ಈ ಚದುರಾಟ ತಿಳಿಯುತ್ತಿರಲಿಲ್ಲ. ತಿಂಗಳುವಾರು ಮಾರಾಟವನ್ನು ನೋಡಿದಾಗ, ಇನ್ನೂ ಬಾರದ ತಿಂಗಳುಗಳಲ್ಲಿ ಒಂದೆರಡು ದಿನದ ವ್ಯಾಪಾರ ಕಂಡಿತು. ಏಪ್ರಿಲ್ ತಿಂಗಳ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಅನ್ನು ಹಳೆಯ ತಂತ್ರಾಂಶದ ಲೆಕ್ಕದಿಂದಲೇ ಮೇ 11ರೊಳಗೆ ಸಲ್ಲಿಸಿದ್ದರಿಂದ, ಟ್ಯಾಲಿಯ ಏಪ್ರಿಲ್ ಲೆಕ್ಕ ಅದಕ್ಕೆ ಬಿಲ್ಲಿಗೆ ಬಿಲ್ಲು ಹೊಂದಲೇಬೇಕಿತ್ತು. ದಿನಾಂಕ ಸರಿಪಡಿಸಿ ಮತ್ತೆ ತಂದ ಮೇಲೆ ಹೊಂದಿತು.

ಕನ್ನಡದ ಹೆಸರುಗಳ ಬಗ್ಗೆಯೂ ಹೇಳಬೇಕು. ನಮ್ಮ ದೊಡ್ಡಪ್ಪ ಆರಂಭದಿಂದಲೂ ಗಿರಾಕಿಗಳ ಹೆಸರನ್ನು ಕನ್ನಡದಲ್ಲೇ, ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬರೆಸಿದ್ದರು. ಆ ಶೈಲಿಯಲ್ಲಿ ಕಡತದ ಒಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳೇ. ಅಕ್ಷರಶೈಲಿ ತೆಗೆದರೆ ಓದಲಾಗದ ಗುರುತುಗಳ ಸಾಲು ಉಳಿಯುತ್ತದೆ. ಪರಿವರ್ತಕವನ್ನು ಬಳಸಿ ಅವನ್ನು ಯೂನಿಕೋಡ್‌ಗೆ ತಂದರೆ ಟ್ಯಾಲಿ ಅವನ್ನು ಸ್ವಚ್ಛವಾಗಿ ತೋರಿಸುತ್ತದೆ, ಜೊತೆಗೆ ಅದೇ ಖಾತೆಗೆ ಇಂಗ್ಲಿಷಿನ ಇನ್ನೊಂದು ಹೆಸರನ್ನೂ ಇಡಬಹುದು. ಆದರೆ ಇಡೀ ಹಾಳೆಯನ್ನು ಪರಿವರ್ತಕಕ್ಕೆ ಕೊಡಬಾರದು. ಪರಿವರ್ತಕಕ್ಕೆ ಇಂಗ್ಲಿಷ್ ಅಕ್ಷರವೂ ಹಳೆಯ ಕನ್ನಡದ ಸಂಕೇತವೂ ಒಂದೇ ಆಗಿ ಕಾಣುವುದರಿಂದ, 29ರಿಂದ ಆರಂಭವಾಗುವ ನಮ್ಮ ರಾಜ್ಯದ ಜಿಎಸ್‌ಟಿ ಸಂಖ್ಯೆಗಳ ನಡುವಿನ ಅಕ್ಷರಗಳೆಲ್ಲ ಅರ್ಥವಿಲ್ಲದ ಕನ್ನಡವಾಗುತ್ತವೆ. ಹೆಸರಿನ ಕಾಲಂ ಒಂದನ್ನೇ ಬೇರ್ಪಡಿಸಿ ಪರಿವರ್ತಿಸಿ, ಅರ್ಕಾವತ್ತು ಇರುವ ಹೆಸರುಗಳನ್ನು ಒಂದೊಂದಾಗಿ ಓದಿ ತಿದ್ದಿದೆ. ನಾಲ್ಕುನೂರಕ್ಕೂ ಹೆಚ್ಚು ಹೆಸರುಗಳಿಗೆ ಎರಡು ದಿನ ಹಿಡಿಯಿತು. ಗಿರಾಕಿಯ ಹೆಸರು ಅವರು ಬರೆಯುವಂತೆಯೇ ಬಿಲ್ಲಿನ ಮೇಲೆ ಬರಬೇಕೆಂಬ ದೊಡ್ಡಪ್ಪನ ಪಟ್ಟು ಸರಿಯಾದದ್ದೇ ಎಂದು ನಾನೂ ನಂಬುತ್ತೇನೆ.

ದಾಸ್ತಾನಿನ ವಿಷಯದಲ್ಲಿ ಎರಡು ಮಾತು. ಎಣ್ಣೆಯನ್ನು ಡಬ್ಬದಲ್ಲಿ ಕೊಂಡು ಕೆಜಿಯಲ್ಲಿ ಮಾರುವವರು, ಸಕ್ಕರೆಯನ್ನು ಕ್ವಿಂಟಲಿನಲ್ಲಿ ಕೊಂಡು ಚೀಲದಲ್ಲಿ ಮಾರುವವರು ಅಳತೆಗಳನ್ನು ಮೊದಲೇ ಟ್ಯಾಲಿಯಲ್ಲಿ ಸ್ಥಾಪಿಸಿ ಆಮೇಲೆ ಸರಕಿನ ಪಟ್ಟಿಯನ್ನು ತರಬೇಕು. ಪ್ರಮಾಣದ ಜೊತೆಗೆ ದರವನ್ನಲ್ಲ, ಒಟ್ಟು ಮೌಲ್ಯವನ್ನು ನೆಚ್ಚಿಕೊಳ್ಳಬೇಕು. 45,000 ರೂಪಾಯಿ ಮೌಲ್ಯದ 350 ಕೆಜಿ ಸರಕಿಗೆ ಹಳೆಯ ತಂತ್ರಾಂಶ 128.57 ಎಂಬ ದರ ಕೊಟ್ಟಿತ್ತು, ಗುಣಿಸಿದರೆ 44,999.50 ಬರುತ್ತದೆ. ಇಂಥ ಐವತ್ತು ಪೈಸೆಗಳು ಸೇರಿ ಅಢಾವೆಯಲ್ಲಿ ಆರಂಭಿಕ ಶಿಲ್ಕುಗಳ ವ್ಯತ್ಯಾಸ ಎಂಬ ಪ್ರತ್ಯೇಕ ಸಾಲಾಗಿ ಕಾಣಿಸಿಕೊಂಡವು. ಟ್ಯಾಲಿ ಆ ವ್ಯತ್ಯಾಸವನ್ನು ಎಲ್ಲಿಯೂ ಅಡಗಿಸದೆ ಎದುರಿಗೇ ಇಡುತ್ತದೆ ಎಂಬುದು ನನಗೆ ಅದರ ಬಹು ದೊಡ್ಡ ಗುಣವಾಗಿ ತೋರಿತು. ಮೌಲ್ಯವನ್ನೇ ಕೊಟ್ಟು ದರವನ್ನು ಅದಕ್ಕೆ ಬಿಟ್ಟಾಗ ಆ ಸಾಲು ಮಾಯವಾಯಿತು.

ಹದಿನಾಲ್ಕು ವರ್ಷದ ಹಳೆಯ ವೋಚರುಗಳನ್ನು ಮಾತ್ರ ನಾನು ತರಲಿಲ್ಲ. ಅದರ ಅಗತ್ಯವೂ ಇಲ್ಲ. ಜಿಎಸ್‌ಟಿ ಕಾನೂನಿನಂತೆ ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಪುಸ್ತಕಗಳನ್ನು ಕಾಪಾಡಬೇಕು. ಅದಕ್ಕಾಗಿ ಪ್ರತಿ ವರ್ಷದ ಕಿರ್ದಿ, ಖತಾವಣಿ, ದಾಸ್ತಾನು ಪಟ್ಟಿಗಳನ್ನು ಪಿಡಿಎಫ್ ಮಾಡಿ ಎರಡು ಕಡೆ ಇಟ್ಟಿದ್ದೇನೆ. ಹಳೆಯ ಕಂಪ್ಯೂಟರನ್ನೂ ರಿಪೇರಿ ಮಾಡಿಸಿ, ಆ ತಂತ್ರಾಂಶದ ಕೀಲಿಯ ಸಮೇತ ಕಪಾಟಿನಲ್ಲಿಟ್ಟಿದ್ದೇನೆ.

ನನ್ನ ತೀರ್ಮಾನ ಇಷ್ಟು. ಖಾತೆಗಳು, ಸರಕುಗಳು, ಬಿಲ್ಲುವಾರು ಬಾಕಿ, ಇವುಗಳನ್ನು ತರಲು ಟ್ಯಾಲಿಯ ಎಕ್ಸೆಲ್ ಇಂಪೋರ್ಟ್ ಪೂರ್ತಿ ಸಮರ್ಥವಾಗಿದೆ. ಎಕ್ಸೆಲ್ ಬಲ್ಲ ಅಂಗಡಿಯವರು ಧೈರ್ಯವಾಗಿ ತಾವೇ ಮಾಡಬಹುದು. ಕೊಳ್ಳುವ ಮುನ್ನ ಶೈಕ್ಷಣಿಕ ವಿಧಾನದಲ್ಲಿ ಉಚಿತವಾಗಿ ಪ್ರಯೋಗಿಸಿಯೂ ನೋಡಬಹುದು. ಅದರಲ್ಲಿ ತಿಂಗಳ ಕೆಲವೇ ದಿನಾಂಕಗಳಿಗೆ ವೋಚರು ಹಾಕಲು ಬಂದರೂ, ಖಾತೆಗಳ ಇಂಪೋರ್ಟನ್ನು ಪರೀಕ್ಷಿಸಲು ಅದು ಸಾಕು. ವೋಚರುಗಳ ಮಟ್ಟಿಗೆ, ನೂರರ ಒಳಗಿದ್ದರೆ ಕೈಯಿಂದಲೇ ಹಾಕುವುದು ಲೇಸು, ಸಾವಿರದ ಲೆಕ್ಕದಲ್ಲಿದ್ದರೆ ಮಾತ್ರ ಹಾಳೆ ಸಿದ್ಧಪಡಿಸುವ ಶ್ರಮಕ್ಕೆ ಬೆಲೆ ಸಿಗುತ್ತದೆ. ಬೇರೆಯವರಿಂದ ಮಾಡಿಸುವವರು ಹಣ ಕೊಡುವ ಮುನ್ನ ತಾಳೆಪಟ್ಟಿಯನ್ನಲ್ಲ, ಬಾಕಿ ಬಿಲ್ಲುಗಳ ಪಟ್ಟಿಯನ್ನು ಕೇಳಿ ಹಳೆಯದರೊಂದಿಗೆ ಹೋಲಿಸಲಿ.

ಎಲ್ಲ ಮುಗಿದ ಮೇಲೆ ದೊಡ್ಡ ಬಾಕಿಯ ನಲವತ್ತು ಗಿರಾಕಿಗಳಿಗೆ ಅವರ ಖಾತೆಯ ಪ್ರತಿಯನ್ನು ಕಳಿಸಿ ಒಪ್ಪಿಗೆ ಕೇಳಿದೆ. ಹರಪನಹಳ್ಳಿಯ ಹಿರಿಯರು ತಮ್ಮ ಕಿಸೆಯ ಪುಸ್ತಕದೊಂದಿಗೆ ತಾವೇ ಬಂದರು. ನಾಲ್ಕೂ ಬಿಲ್ಲುಗಳನ್ನು ಬೆರಳಿಟ್ಟು ಓದಿ, ನಮ್ಮ ಪ್ರತಿಯ ಪಕ್ಕದಲ್ಲಿ ತಮ್ಮ ಪುಸ್ತಕವನ್ನಿಟ್ಟು ಸಾಲಿಗೆ ಸಾಲು ನೋಡಿದರು. ಮೊದಲ ಸಲ ಬಂದಾಗ ಕೊಟ್ಟಿದ್ದ ಎಣ್ಣೆಯ 48,400 ಆ ಬಿಲ್ಲಿಗೇ ಜಮೆಯಾಗಿತ್ತು, ಜನವರಿಯ ಬೆಲ್ಲದ 35,000 ಅನ್ನು ಆ ದಿನ ಎಣಿಸಿ ಕೊಟ್ಟರು.