14 ತಿಂಗಳ ನರ್ಸಿಂಗ್ ಟ್ಯೂಷನ್: ಪ್ರಶ್ನೆ ಕೇಳಿ ಸುಮ್ಮನೆ ಕಾಯುವ ಟ್ಯೂಟರ್

ನನ್ನ ಟ್ಯೂಟರ್ ಒಂದು ಪ್ರಶ್ನೆ ಕೇಳಿ ಸುಮ್ಮನಾಗಿಬಿಡುತ್ತಾರೆ. 5 ಸೆಕೆಂಡ್, 10 ಸೆಕೆಂಡ್, ಒಮ್ಮೊಮ್ಮೆ ಅರ್ಧ ನಿಮಿಷ. ಮೊದಲನೇ ವಾರ ನೆಟ್ ಹೋಯಿತೇನೋ ಅಂದುಕೊಂಡು "ಮೇಡಂ, ಕೇಳಿಸ್ತಾ ಇದೆಯಾ?" ಅಂದಿದ್ದೆ. "ಕೇಳಿಸ್ತಾ ಇದೆ, ನೀವು ಯೋಚನೆ ಮಾಡ್ತಿದ್ದೀರಿ, ನಾನು ಕಾಯ್ತಿದ್ದೇನೆ" ಅಂದರು. ಅದಾಗಿ 14 ತಿಂಗಳಾಯಿತು. ಈ ವಿಮರ್ಶೆ ಬರೆಯೋಕೆ ಕೂತಿದ್ದೇ ಆ ಮೌನದ ಸಲುವಾಗಿ.

ನಾನು ಅವರನ್ನು ಹುಡುಕಿದ್ದು ಟ್ಯೂಟರ್‌ಗಳನ್ನು ಸೇರಿಸಿಕೊಡುವ ಒಂದು ಆ್ಯಪ್‌ನಲ್ಲಿ. ವಿಡಿಯೋ ಹೇಗೆ ಬರುತ್ತೆ, ವೈಟ್‌ಬೋರ್ಡ್ ಹೇಗಿದೆ ಅನ್ನೋದನ್ನೆಲ್ಲ ಇಂಥ ಆ್ಯಪ್ ನೋಡಿದವರಿಗೆ ಹೇಳಬೇಕಾಗಿಲ್ಲ. ನರ್ಸಿಂಗ್ ಓದುತ್ತಿರುವ ನನಗೆ ಬೇಕಿದ್ದದ್ದು ಎರಡೇ ವಿಷಯ, ಫಾರ್ಮಕಾಲಜಿ (ಮದ್ದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತೆ ಅನ್ನೋ ಪಾಠ) ಮತ್ತು ಡೋಸ್ ಲೆಕ್ಕ. ತಿಂಗಳ ಕೈಖರ್ಚಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹಾಕುವ ಹಾಗಿರಲಿಲ್ಲ. ವಾರಕ್ಕೆ ಒಂದೇ ಗಂಟೆ. ಆ ಒಂದು ಗಂಟೆ ಹಾಳಾದರೆ ವಾರವೇ ಹೋದಂತೆ. ಹಾಗಾಗಿ ಮುಂದೆ ಬರೆಯುವುದನ್ನೆಲ್ಲ, ಕೈ ಬಿಗಿ ಹಿಡಿದು ಖರ್ಚು ಮಾಡುವವಳ ಮಾತು ಅಂತಲೇ ಓದಿ.

ಮೊದಲು ಆರಿಸಿಕೊಂಡದ್ದು ಇವರನ್ನಲ್ಲ. ಆ್ಯಪ್‌ನಲ್ಲಿ ನರ್ಸಿಂಗ್‌ಗೆ ಬೇರೆ ವಿಭಾಗ ಇರಲಿಲ್ಲ, ಎಲ್ಲವೂ "ಮೆಡಿಕಲ್" ಅಂತ ಒಂದೇ ಡಬ್ಬಿಯಲ್ಲಿ. ಅದರಲ್ಲಿ ಜಾಸ್ತಿ ಸ್ಟಾರ್ ಇದ್ದವರು ಡಾಕ್ಟರ್ ಓದು ಮುಗಿಸುತ್ತಿದ್ದ ಒಬ್ಬರು. ತುಂಬ ಚೆನ್ನಾಗಿ ಹೇಳಿಕೊಡುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಹೃದಯದ ಎಡಭಾಗ ಸೋತರೆ ರಕ್ತ ಹಿಂದಕ್ಕೆ ಒತ್ತಿ ಶ್ವಾಸಕೋಶದಲ್ಲಿ ನೀರು ಸೇರುವುದು, ಬಲಭಾಗ ಸೋತರೆ ಕಾಲು ಊದುವುದು ನನಗೆ ನಿಜವಾಗಿ ಅರ್ಥವಾದದ್ದು ಅವರಿಂದಲೇ.

ತೊಂದರೆ ಶುರುವಾದದ್ದು ಪರೀಕ್ಷೆಯ ಪ್ರಶ್ನೆ ಹಿಡಿದು ಕೂತಾಗ. ಹೃದಯದ ತೊಂದರೆ ಇರುವ ರೋಗಿ ಅಂಗಾತ ಮಲಗಿದ್ದಾರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತಿದೆ, ನರ್ಸ್ ಮೊದಲು ಏನು ಮಾಡಬೇಕು? ಕೊಟ್ಟ 4 ಉತ್ತರಗಳೂ ಮಾಡಬೇಕಾದ ಕೆಲಸಗಳೇ. ಅವರು ಫ್ಯೂರೋಸೆಮೈಡ್ (ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಮದ್ದು) ಹೇಗೆ ಕೆಲಸ ಮಾಡುತ್ತೆ ಅಂತ ಶುರು ಮಾಡಿ 20 ನಿಮಿಷ ಹೇಳಿದರು. ಹೇಳಿದ್ದೆಲ್ಲ ಸರಿ. ಆದರೆ ಆ ಪ್ರಶ್ನೆಗೆ ಉತ್ತರ, ಹಾಸಿಗೆಯ ತಲೆಭಾಗ ಎತ್ತಿ ರೋಗಿಯನ್ನು ಎದ್ದು ಕೂರಿಸುವುದು. ಕೂತರೆ ಹೃದಯಕ್ಕೆ ವಾಪಸು ಬರುವ ರಕ್ತ ಕಡಿಮೆಯಾಗುತ್ತೆ, ಎದೆ ಅಗಲವಾಗಿ ಹಿಗ್ಗುತ್ತೆ, ಯಾರ ಅಪ್ಪಣೆಗೂ ಕಾಯಬೇಕಿಲ್ಲ, 5 ಸೆಕೆಂಡಿನ ಕೆಲಸ. ಆಮೇಲೆ ಉಳಿದದ್ದು. ಡಾಕ್ಟರ್ ಓದಿನಲ್ಲಿ "ಇದು ಏನು ಕಾಯಿಲೆ?" ಅನ್ನೋದು ದೊಡ್ಡ ಪ್ರಶ್ನೆ. ನರ್ಸಿಂಗ್‌ನಲ್ಲಿ "ಈಗ, ಈ ನಿಮಿಷ, ನಿಮ್ಮ ಕೈ ಮೊದಲು ಎಲ್ಲಿಗೆ ಹೋಗುತ್ತೆ?" ಅನ್ನೋದು. ಎರಡೂ ಬೇಕು. ಆದರೆ ವಾರಕ್ಕೆ ಒಂದೇ ಗಂಟೆ ದುಡ್ಡು ಕೊಡುವವರು ತಮಗೆ ಯಾವುದು ಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ನಾನು ಮಾಡಿಕೊಂಡಿರಲಿಲ್ಲ. 6 ವಾರ ಹೋಯಿತು.

ಆಮೇಲೆ ಸಿಕ್ಕಿದವರೇ ಈಗಿನ ಮೇಡಂ. ವಾರ್ಡಿನಲ್ಲಿ ಇವತ್ತಿಗೂ ಕೆಲಸ ಮಾಡುವ ನರ್ಸ್. ಆ್ಯಪ್‌ನಲ್ಲಿ ಅವರ ಪರಿಚಯ ಬರೀ 3 ಸಾಲು, ಸ್ಟಾರ್ ಕೂಡ ಅಷ್ಟೇನೂ ಇರಲಿಲ್ಲ. ಟ್ರಯಲ್ ಕ್ಲಾಸಿನಲ್ಲಿ ಪಾಠ ಮಾಡಲೇ ಇಲ್ಲ. "ಹೋದ ಪರೀಕ್ಷೆಯಲ್ಲಿ ತಪ್ಪಾದ ಪ್ರಶ್ನೆ ಒಂದು ತನ್ನಿ, ಯಾಕೆ ತಪ್ಪಾಯಿತು ಅಂತ ನೀವೇ ಹೇಳಿ" ಅಂದರು.

ನಾನು ತೆಗೆದದ್ದು ಡ್ರಿಪ್ ಲೆಕ್ಕ. 1000 ಮಿಲಿ ಸಲೈನ್, 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ನಳಿಕೆಯ ಸೆಟ್ಟಿನಲ್ಲಿ 1 ಮಿಲಿಗೆ 20 ಹನಿ. ನಿಮಿಷಕ್ಕೆ ಎಷ್ಟು ಹನಿ? ಪರೀಕ್ಷೆಯಲ್ಲಿ ನಾನು ಬರೆದ ಉತ್ತರ 420. ಸೊನ್ನೆ ಎಲ್ಲೋ ಜಾರಿತ್ತು. ಅವರು "ತಪ್ಪು" ಅನ್ನಲಿಲ್ಲ. "420 ಹನಿ ಅಂದರೆ ಸೆಕೆಂಡಿಗೆ 7. ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿ" ಅಂದರು. ತಟ್ಟಿದೆ. ಬೆರಳು ಓಡಲಿಲ್ಲ. ಸೆಕೆಂಡಿಗೆ 7 ಸಲ ತಟ್ಟೋಕೆ ನನ್ನ ಕೈಯಲ್ಲಿ ಆಗಲೇ ಇಲ್ಲ. "ಹನಿ ಹನಿಯಾಗಿ ಬೀಳುವುದು ಹೀಗಿರುತ್ತಾ? ನೀವು ವಾರ್ಡಿನಲ್ಲಿ ನೋಡಿದ್ದೀರಲ್ಲ." ಅಷ್ಟು ಹೇಳಿ ಸುಮ್ಮನಾದರು.

ನಾನೇ ಮತ್ತೆ ಮಾಡಿದೆ. 1000 ಗುಣಿಸು 20, ಭಾಗಿಸು 480 ನಿಮಿಷ. 41.67, ಅಂದರೆ 42. ಈಗ 15 ಸೆಕೆಂಡಿಗೆ 10 ಅಥವಾ 11 ಹನಿ. ಮತ್ತೆ ಮೇಜಿನ ಮೇಲೆ ತಟ್ಟಿದೆ. ಟಕ್, ಟಕ್, ಟಕ್. ವಾರ್ಡಿನಲ್ಲಿ ಕೇಳಿದ, ಕಣ್ಣಿಗೆ ಕಂಡ ವೇಗ ಅದೇ. ಅವತ್ತಿನಿಂದ ಇವತ್ತಿನವರೆಗೂ ಯಾವ ಡ್ರಿಪ್ ಲೆಕ್ಕವನ್ನೂ ಬೆರಳಲ್ಲಿ ತಟ್ಟಿ ನೋಡದೆ ಬರೆದಿಲ್ಲ. ಸೂತ್ರ ಯಾವ ಪುಸ್ತಕದಲ್ಲಾದರೂ ಸಿಗುತ್ತೆ. ಬಂದ ಉತ್ತರ ನಂಬೋ ಹಾಗಿದೆಯಾ ಅಂತ ಕೈಯಲ್ಲೇ ಪರೀಕ್ಷಿಸೋದನ್ನು ಕಲಿಸಿದ್ದು ಇವರೊಬ್ಬರೇ.

ಸೊನ್ನೆಯ ವಿಷಯದಲ್ಲಿ ಅವರು ತುಂಬ ಕಟ್ಟುನಿಟ್ಟು. 5 ಮಿಗ್ರಾಂ ಅಂತ ಬರೆಯುವ ಕಡೆ 5.0 ಅಂತ ಬರೆದರೆ ಪೆನ್ ಕೆಳಗಿಡಿ ಅನ್ನುತ್ತಾರೆ. ಚುಕ್ಕೆ ಮಾಸಿದರೆ ಅದು 50 ಆಗುತ್ತೆ, ರೋಗಿಗೆ ಹತ್ತು ಪಟ್ಟು ಮದ್ದು ಹೋಗುತ್ತೆ. ಅದೇ ಅರ್ಧ ಮಿಗ್ರಾಂ ಆದರೆ ಚುಕ್ಕೆಗೆ ಮೊದಲು ಸೊನ್ನೆ ಇರಲೇಬೇಕು, 0.5. ಬರೀ .5 ಬರೆದರೆ ಇನ್ನೊಬ್ಬರ ಕಣ್ಣಿಗೆ 5. ಮೊದಮೊದಲು ಇಷ್ಟಕ್ಕೆಲ್ಲ ಯಾಕೆ ಇಷ್ಟೊಂದು ಅನ್ನಿಸುತ್ತಿತ್ತು. ಈಗ ಗೆಳತಿಯರ ನೋಟ್ಸಿನಲ್ಲಿ 2.0 ಕಂಡರೆ ನನ್ನ ಕೈ ತಾನಾಗೇ ತಿದ್ದೋಕೆ ಹೋಗುತ್ತೆ.

ಕ್ಲಾಸಿನ ದಿನ ನಮ್ಮದೊಂದು ಕ್ರಮ ಇದೆ, ಅದನ್ನು ಹೇಳಲೇಬೇಕು. 10 ನಿಮಿಷ ಮುಂಚೆ ಫೋನನ್ನು ಬೇರೆ ಕೋಣೆಯಲ್ಲಿ ಇಡುತ್ತೇನೆ. ಮೇಜಿನ ಮೇಲೆ ಒಂದು ಬಿಳಿ ಹಾಳೆ, ಒಂದು ನೀಲಿ ಪೆನ್, ಒಂದು ಕೆಂಪು ಪೆನ್. ಪುಸ್ತಕ ಮುಚ್ಚಿರಬೇಕು. ಮೇಡಂ ಬಂದ ಕೂಡಲೇ "ಹೋದ ವಾರದ್ದು ಬರೆಯಿರಿ" ಅನ್ನುತ್ತಾರೆ. 5 ನಿಮಿಷ ನೆನಪಿದ್ದಷ್ಟನ್ನು ನೀಲಿಯಲ್ಲಿ ಬರೆಯುತ್ತೇನೆ, ಚಿತ್ರ, ಬಾಣ, ಅರ್ಧಂಬರ್ಧ ಪದ ಏನಾದರೂ ಸರಿ. ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋದದ್ದನ್ನು ಕೆಂಪಿನಲ್ಲಿ ತುಂಬುತ್ತೇನೆ. ಅವತ್ತಿನ ಪಾಠ ಆ ಕೆಂಪಿನಿಂದಲೇ ಶುರು. ಆ ಹಾಳೆಗಳನ್ನೆಲ್ಲ ದಿನಾಂಕ ಹಾಕಿ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಮೊದಲ ತಿಂಗಳ ಹಾಳೆಗಳು ಪೂರ್ತಿ ಕೆಂಪು. ಈಚಿನವು ಮುಕ್ಕಾಲು ನೀಲಿ. ಬೇಜಾರಾದ ದಿನ ಆ ಫೈಲ್ ತಿರುವಿ ಹಾಕಿದರೆ ಮನಸ್ಸಿಗೆ ಸಮಾಧಾನ.

ಇದು ಅವರೇ ಕಂಡುಹಿಡಿದದ್ದಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಪರೀಕ್ಷೆ ಮಾಡಿ ತೋರಿಸಿದ್ದರು. ಪಾಠವನ್ನು ಮತ್ತೆ ಓದಿದವರು 5 ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದೆ. ಆದರೆ ಒಂದು ವಾರ ಬಿಟ್ಟು ಕೇಳಿದಾಗ, ನೆನಪಿನಿಂದ ಬರೆದು ನೋಡಿದವರೇ ಮುಂದೆ. ನಾನು ಅಲ್ಲಿಯವರೆಗೆ ಹಳದಿ ಗೆರೆ ಎಳೆದು ಎಳೆದು ಓದುತ್ತಿದ್ದೆ. ಓದಿದ ರಾತ್ರಿ ಎಲ್ಲ ಬರುತ್ತೆ ಅನ್ನಿಸೋದು, ವಾರ ಕಳೆದರೆ ಖಾಲಿ. ಯಾಕೆ ಅಂತ ಗೊತ್ತಾದದ್ದು ಆಗ.

ಇಷ್ಟರವರೆಗೆ ಬರೀ ಹೊಗಳಿದೆ. ಈಗ ಆ್ಯಪ್‌ನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ನಿಜವಾಗಿ ಕೋಪ ಇದೆ.

ಒಂದೊಂದೇ ಗಂಟೆ ಕೊಂಡರೆ ದುಬಾರಿ, 10 ಗಂಟೆಯ ಪ್ಯಾಕ್ ಕೊಂಡರೆ ಅಗ್ಗ. ಅಗ್ಗ ಅಂತ ಕೊಂಡೆ. ಪ್ಯಾಕಿಗೆ 60 ದಿನದ ಗಡುವು ಇರುವುದು ಕೊಳ್ಳುವಾಗ ಕಣ್ಣಿಗೆ ಬೀಳುವ ಜಾಗದಲ್ಲಿ ಇರಲಿಲ್ಲ. ಮೇಡಂ ವಾರ್ಡಿನಲ್ಲಿ ಕೆಲಸ ಮಾಡುವವರು, ಶಿಫ್ಟ್ ಬದಲಾಗುತ್ತೆ. ರಾತ್ರಿ ಡ್ಯೂಟಿ ಮುಗಿಸಿ ಬಂದವರನ್ನು ಕ್ಲಾಸ್ ಮಾಡಿ ಅನ್ನೋಕೆ ನನಗೂ ಮನಸ್ಸಿಲ್ಲ. ಮೂರು ಸಲ ಕ್ಲಾಸ್ ಮುಂದೂಡಿದೆವು, ಇಬ್ಬರೂ ಒಪ್ಪಿಯೇ. 61ನೇ ದಿನ ಆ್ಯಪ್ ತೆಗೆದರೆ ನನ್ನ 3 ಗಂಟೆ ಮಾಯ. ಬರೆದು ಕೇಳಿದೆ. ಬಂದ ಉತ್ತರ ನನ್ನ ಪತ್ರ ಓದಿ ಬರೆದದ್ದಲ್ಲ, ಎಲ್ಲರಿಗೂ ಕಳಿಸುವ ಅದೇ ಸಾಲುಗಳು. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಅದೇ. ನಾನು ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ದುಡ್ಡು ಅದು. ಮೇಡಂಗೂ ಆ 3 ಗಂಟೆಯ ಹಣ ಹೋಗಿಲ್ಲ. ಪಾಠ ಹೇಳುವವರಿಗೂ ಸಿಗದೆ, ಪಾಠ ಕೇಳುವವರಿಗೂ ಸಿಗದೆ ನಡುವಿನವರ ಬಳಿ ಉಳಿಯಿತು.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಹುಡುಕುವಾಗ ಅರ್ಧಕ್ಕರ್ಧ ಜನ "ನಿಮ್ಮ ಅಸೈನ್‌ಮೆಂಟ್ ನಾವೇ ಮುಗಿಸಿಕೊಡುತ್ತೇವೆ" ಅಂತ ಮೆಸೇಜ್ ಕಳಿಸುತ್ತಾರೆ. ಕೇರ್ ಪ್ಲಾನ್ (ಒಬ್ಬ ರೋಗಿಯ ಆರೈಕೆ ಹೇಗೆ ಅನ್ನೋ ಲಿಖಿತ ಯೋಜನೆ) ಬರೆದುಕೊಡುತ್ತೇವೆ, ಆನ್‌ಲೈನ್ ಪರೀಕ್ಷೆಗೆ ಪಕ್ಕದಲ್ಲಿರುತ್ತೇವೆ. ಬೇರೆ ವಿಷಯದಲ್ಲೂ ಅದು ತಪ್ಪೇ. ಆದರೆ ಇಲ್ಲಿ ನಾಳೆ ಒಬ್ಬರ ರಕ್ತನಾಳಕ್ಕೆ ಮದ್ದು ಹಾಕುವ ಕೈ ನನ್ನದು. ಬೇರೆಯವರು ಬರೆದ ಉತ್ತರಕ್ಕೆ ನನಗೆ ಅಂಕ ಬಂದರೆ ಆ ರೋಗಿಯ ಗತಿ ಏನು? ದೂರು ಕೊಡುವ ಗುಂಡಿ ಒತ್ತಿದೆ. ಎರಡು ವಾರ ಬಿಟ್ಟು ನೋಡಿದಾಗಲೂ ಅದೇ ಹೆಸರು ಅಲ್ಲೇ ಇತ್ತು.

ಒಮ್ಮೆ ಮೇಡಂ ಮೇಲೂ ಮುನಿಸಿಕೊಂಡಿದ್ದೆ. ಕೇರ್ ಪ್ಲಾನ್ ಕೊಡುವ ಹಿಂದಿನ ದಿನ "ಇದೊಂದು ತಿದ್ದಿಕೊಡಿ" ಅಂದೆ. ತಿದ್ದಲ್ಲ, ಪ್ರಶ್ನೆ ಕೇಳುತ್ತೇನೆ ಅಂದರು. ಇನ್ನೊಂದು ಸಲ ವಾರ್ಡಿನಲ್ಲಿ ಕಂಡ ಒಬ್ಬರ ಬಗ್ಗೆ ಹೇಳುವಾಗ ಹೆಸರು ಬಾಯಿಗೆ ಬಂತು. ತಕ್ಷಣ ಕೈ ಎತ್ತಿ ನಿಲ್ಲಿಸಿದರು. "ಹೆಸರು ಬೇಡ, ಹಾಸಿಗೆ ನಂಬರೂ ಬೇಡ. ವಯಸ್ಸು, ತೊಂದರೆ, ಅಷ್ಟು ಸಾಕು." ಆಗ ಮುಖ ಸಣ್ಣದಾಯಿತು. ಈಗ ಅನ್ನಿಸುತ್ತೆ, ಟ್ಯೂಟರ್ ಹುಡುಕುವವರು ಟ್ರಯಲ್ ಕ್ಲಾಸಿನಲ್ಲಿ ನೋಡಬೇಕಾದದ್ದೇ ಇದು. ರೋಗಿಯ ಗುಟ್ಟು ಕಾಯುವವರಾ, ನಿಮ್ಮ ಕೆಲಸ ನಿಮ್ಮಿಂದಲೇ ಮಾಡಿಸುವವರಾ? ಸ್ಟಾರ್ ಎಷ್ಟಿದೆ ಅನ್ನೋದನ್ನು ಆಮೇಲೆ ನೋಡಿದರೂ ಆಗುತ್ತೆ.

ವಿಡಿಯೋದಲ್ಲಿ ಬಾರದ್ದೂ ಇದೆ. ಇಂಜೆಕ್ಷನ್ ಕೊಡೋದು, ಮೂಗಿನಿಂದ ಟ್ಯೂಬ್ ಹಾಕೋದು, ಡ್ರೆಸ್ಸಿಂಗ್. ಇದಕ್ಕೆ ಸ್ಕಿಲ್ ಲ್ಯಾಬೇ ಬೇಕು. ಆ್ಯಪ್‌ನಲ್ಲಿ "ಪ್ರಾಕ್ಟಿಕಲ್ ಕೂಡ ಆನ್‌ಲೈನ್" ಅಂತ ಬರೆದವರನ್ನು ನಾನಂತೂ ನಂಬುವುದಿಲ್ಲ.

ಹೋದ ತಿಂಗಳು ಟ್ರೈನಿಂಗ್‌ನಲ್ಲಿ ವಯಸ್ಸಾದ ಒಬ್ಬರಿಗೆ ಬೆಳಗಿನ ಮಾತ್ರೆ ಕೊಡುವ ಹೊತ್ತು. ಸೀನಿಯರ್ ನರ್ಸ್ ಪಕ್ಕದಲ್ಲೇ ಇದ್ದರು. ಟ್ರೇನಲ್ಲಿ ಡಿಗಾಕ್ಸಿನ್ ಅನ್ನುವ ಹೃದಯದ ಮಾತ್ರೆ ಇತ್ತು, ಅದರ ಜೊತೆಗೆ ಫ್ಯೂರೋಸೆಮೈಡ್. ಮೇಡಂ ಈ ಜೋಡಿಯ ಮೇಲೆ ಒಂದು ಪೂರ್ತಿ ಗಂಟೆ ನನ್ನನ್ನು ಕೂರಿಸಿದ್ದರು. "ಫ್ಯೂರೋಸೆಮೈಡ್ ಕೊಟ್ಟರೆ ಮೂತ್ರದಲ್ಲಿ ಏನೇನು ಹೋಗುತ್ತೆ?" ಮೌನ. ಪೊಟ್ಯಾಶಿಯಂ. "ಹೋದರೆ ಡಿಗಾಕ್ಸಿನ್‌ಗೆ ಏನಾಗುತ್ತೆ?" ಅದಕ್ಕೆ ಎಷ್ಟು ಹೊತ್ತು ಕಾದಿದ್ದರೋ. ಕೊನೆಗೆ ನಾನೇ ಚಿತ್ರ ಬರೆದು ತೋರಿಸಿದ್ದೆ. ಜೀವಕೋಶದ ಗೋಡೆಯ ಪಂಪಿನಲ್ಲಿ ಡಿಗಾಕ್ಸಿನ್ ಮತ್ತು ಪೊಟ್ಯಾಶಿಯಂ ಒಂದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಪೊಟ್ಯಾಶಿಯಂ ಕಡಿಮೆಯಾದರೆ ಡಿಗಾಕ್ಸಿನ್‌ಗೆ ಎದುರಾಳಿ ಇಲ್ಲ, ಅದೇ ಡೋಸ್ ವಿಷವಾಗುತ್ತೆ. ಹಸಿವಿಲ್ಲದಿರುವುದು, ವಾಕರಿಕೆ, ಕಣ್ಣಿಗೆ ಹಳದಿ ಕಾಣೋದು, ನಿಧಾನವಾದ ಹೃದಯ ಬಡಿತ.

ಸ್ಟೆತಸ್ಕೋಪ್ ಎದೆಗಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿದೆ. 54. ದೊಡ್ಡವರಿಗೆ 60ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮಾತ್ರೆ ತಡೆಹಿಡಿದು ಡಾಕ್ಟರಿಗೆ ತಿಳಿಸಬೇಕು. ಸೀನಿಯರ್‌ಗೆ ಹೇಳಿದೆ, ಅವರೂ ಎಣಿಸಿದರು, ಮಾತ್ರೆ ಪಕ್ಕಕ್ಕಿಟ್ಟರು. "ಪೊಟ್ಯಾಶಿಯಂ ರಿಪೋರ್ಟ್ ನೋಡೋಣವಾ?" ಅಂತ ನಾನೇ ಕೇಳಿದೆ. ಕೈ ನಡುಗುತ್ತಿತ್ತು, ಆದರೆ ಪ್ರಶ್ನೆ ಸರಿಯಾಗಿ ಬಂತು. ಅವತ್ತು ರಾತ್ರಿ ಹೆಸರು, ಹಾಸಿಗೆ ಏನೂ ಹೇಳದೆ ಮೇಡಂಗೆ ಇಷ್ಟನ್ನು ಬರೆದು ಕಳಿಸಿದೆ.

ಪ್ಯಾಕನ್ನು ಮತ್ತೆ ಕೊಂಡೆ, ಈ ಸಲ 4 ಗಂಟೆಯದ್ದು ಮಾತ್ರ. ಜಾಸ್ತಿ ದುಡ್ಡು ಹೋಯಿತು, ಹೋಗಲಿ. ಕ್ಲಾಸ್‌ಮೇಟ್ ಒಬ್ಬಳು ಸೇರಿಕೊಂಡಿದ್ದಾಳೆ, ಫೀಸು ಅರ್ಧರ್ಧ. ಮೇಡಂ ಒಪ್ಪಿದರು, ಆದರೆ ಬಿಳಿ ಹಾಳೆ ಇಬ್ಬರಿಗೂ ಬೇರೆ ಬೇರೆ ಇರಬೇಕಂತೆ. ಬುಧವಾರ ರಕ್ತದ ಆಮ್ಲ, ಕ್ಷಾರದ ಪಾಠ. ಸರಿಯಾದ ಮಟ್ಟ ಅಂದರೆ ಪಿಎಚ್ (ಆಮ್ಲ, ಕ್ಷಾರದ ಅಳತೆ) 7.35ರಿಂದ 7.45, ಕಾರ್ಬನ್ ಡೈಆಕ್ಸೈಡ್ 35ರಿಂದ 45, ಬೈಕಾರ್ಬನೇಟ್ 22ರಿಂದ 26. ಇಷ್ಟು ನೀಲಿಯಲ್ಲಿ ಬರುತ್ತೆ. ಉಸಿರಿನ ತೊಂದರೆ ಯಾವುದು, ಉಸಿರಲ್ಲದೆ ಬೇರೆ ಕಾರಣದ್ದು ಯಾವುದು ಅನ್ನೋದು ಇನ್ನೂ ಕೆಂಪೇ.